ಅಪ್ಪನ ರುಮಾಲಿನಲ್ಲಿ ಅಕ್ಕನ ಕೂಸು

ಚರ್ಚಾಕೂಟದಲ್ಲಿ ನಮಗೆ ಕಲಿಸಿದ ಮೊದಲ ಪಾಠವೆಂದರೆ, ಎದುರಾಳಿಯ ಮಾತಿನಲ್ಲಿ ಎಷ್ಟು ನಿಜವಿದೆಯೋ ಅಷ್ಟನ್ನು ಮೊದಲೇ ಒಪ್ಪಿಕೊಂಡುಬಿಡಬೇಕು. ಆಮೇಲೆ ಉಳಿದದ್ದನ್ನು ಮುರಿಯುವುದು ಸುಲಭ. ಆದ್ದರಿಂದ ಒಪ್ಪಿಕೊಂಡೇ ಶುರುಮಾಡುತ್ತೇನೆ. ಅಕ್ಕನ ಅತ್ತೆ ಹೇಳಿದ್ದರಲ್ಲಿ ನ್ಯಾಯವಿತ್ತು. ಬಲಗೈ ಮುರಿದುಕೊಂಡವಳು ಕೂಸನ್ನು ಎತ್ತಲಾರಳು. ಎತ್ತಲಾರದವಳ ಹತ್ತಿರ ಕೂಸನ್ನು ಬಿಡುವುದು ಹೇಗೆ?

ಅದು ಎರಡನೆಯ ಮಹಾಯುದ್ಧದ ಕಾಲ. ನಾನು ತುಮಕೂರಿನಲ್ಲಿ ಹೈಸ್ಕೂಲಿನ ಕೊನೆಯ ಪರೀಕ್ಷೆ ಬರೆದು, ಫಲಿತಾಂಶ ಬರುವವರೆಗೆ ಮಾಡಲು ಬೇರೆ ಕೆಲಸವಿಲ್ಲದೆ ಊರಿಗೆ ಬಂದಿದ್ದೆ. ನಮ್ಮೂರು ಬಡವನಹಳ್ಳಿಗೆ ಹತ್ತಿರ. ಅಪ್ಪನದು ಹುಣಸೆಹಣ್ಣು, ಕಡ್ಲೆಕಾಯಿ ವ್ಯಾಪಾರ. ಅಕ್ಕ ಚೊಚ್ಚಲ ಬಾಣಂತನಕ್ಕೆ ಬಂದವಳು ಇನ್ನೂ ನಮ್ಮಲ್ಲೇ ಇದ್ದಳು. ಅವಳ ಗಂಡನ ಮನೆ ವೈ.ಎನ್. ಹೊಸಕೋಟೆ. ನಮ್ಮ ಕಡೆ ಬಾಣಂತಿಯನ್ನು ಮೂರನೆಯ ತಿಂಗಳಲ್ಲಿ, ತಪ್ಪಿದರೆ ಐದರಲ್ಲಿ, ಅದೂ ತಪ್ಪಿದರೆ ಏಳರಲ್ಲಿ ಕಳಿಸುತ್ತಾರೆ. ನಾಲ್ಕು, ಆರು ಕೂಡದು. ಯಾಕೆ ಕೂಡದು ಎಂದು ಅಜ್ಜಿಯನ್ನು ಕೇಳಿದ್ದೆ. 'ಕೂಡದು ಅಂದ್ರೆ ಕೂಡದು ಕಣಮ್ಮ' ಎಂದಳು. ಇಂಥ ವಾದಕ್ಕೆ ಚರ್ಚಾಕೂಟದಲ್ಲಿ ಉತ್ತರ ಕಲಿಸಿರಲಿಲ್ಲ.

ಮೂರನೆಯ ತಿಂಗಳು ಹೇಗೋ ತಪ್ಪಿತು. ನಾಲ್ಕರಲ್ಲಿ ಅಕ್ಕ ಬಾವಿಯ ಮೆಟ್ಟಿಲ ಮೇಲೆ ಜಾರಿ ಬಲಗೈಯ ಮಣಿಕಟ್ಟು ಮುರಿದುಕೊಂಡಳು. ಮೂಳೆ ಕಟ್ಟುವವನು ಸೊಪ್ಪು ಅರೆದು ಹಾಕಿ, ಬಿದಿರಿನ ದಬ್ಬೆ ಕಟ್ಟಿ, ಎರಡು ಅಮಾವಾಸ್ಯೆ ಕಳೆಯುವವರೆಗೆ ಚೊಂಬನ್ನೂ ಎತ್ತಬಾರದೆಂದ. ಸುದ್ದಿ ಕಡ್ಲೆಕಾಯಿ ಗಾಡಿಯ ಜೊತೆ ಹೊಸಕೋಟೆಗೆ ಹೋಯಿತು. ಉತ್ತರ ಅದೇ ಗಾಡಿಯವನ ಬಾಯಲ್ಲಿ ಬಂತು.

'ಐದ್ನೇ ತಿಂಗ್ಳಲ್ಲಿ ಅತ್ತೆಮ್ಮನೋರೇ ಬಂದು ಕೂಸ್ನ ಕರ್ಕೊಂಡೋಗ್ತಾರಂತೆ. ಹಾಲಿಗೇನು, ವಾರಗಿತ್ತಿ ಹಾಲು ಕುಡಿಸೋಳೇ ಅವ್ಳೆ. ಅಮ್ಮ ಕೈ ವಾಸಿ ಮಾಡ್ಕೊಂಡು ಏಳ್ರಲ್ಲಿ ಬರ್ಲಿ ಅಂದ್ರು.'

ಅಕ್ಕ ಜಗಳವಾಡುವ ಜಾತಿಯಲ್ಲ. ಮನೆಯಲ್ಲಿ ಆ ಪಾಲನ್ನು ನಾನೇ ಪೂರ್ತಿ ತೆಗೆದುಕೊಂಡಿದ್ದೆ. ಅವಳು ಅಂದದ್ದು ಒಂದೇ ಮಾತು: 'ಏಳ್ರಲ್ಲಿ ನಾನು ಹೋದ್ರೆ ಅದು ನನ್ನ ಮುಖ ನೋಡಿ ಅಳ್ತದೆ.' ಆ ಮಧ್ಯಾಹ್ನ ಅವಳ ಮುದ್ದೆ ತಟ್ಟೆಯಲ್ಲೇ ಉಳಿಯಿತು.

ನಾನು ಸಮಸ್ಯೆಯನ್ನು ಬಿಡಿಸಿ ನೋಡಿದೆ. ಅತ್ತೆಯ ಆಕ್ಷೇಪ ಅಕ್ಕನ ಮೇಲಲ್ಲ, ಅಕ್ಕನ ಕೈಯ ಮೇಲೆ. ಕೈಯಿಲ್ಲದೆ ಕೂಸನ್ನು ಎತ್ತಲು ಸಾಧ್ಯವೆಂದು ತೋರಿಸಿದರೆ ಆಕ್ಷೇಪವೇ ಬಿದ್ದುಹೋಗುತ್ತದೆ. ದಾರಿಯೂ ಹೊಸದಲ್ಲ. ಹೊಲದಲ್ಲಿ ಕಳೆ ಕೀಳುವ ಹೆಂಗಸರು, ಊರೂರು ತಿರುಗಿ ಬುಟ್ಟಿ ಮಾರುವವರು ಕೂಸನ್ನು ಬಟ್ಟೆಯಲ್ಲಿ ಮೈಗೆ ಕಟ್ಟಿಕೊಂಡೇ ಓಡಾಡುತ್ತಾರೆ. ನಮ್ಮಂಥ ಮನೆಗಳಲ್ಲಿ ಮಾತ್ರ ಕಂಕುಳು, ಇಲ್ಲವೇ ತೊಟ್ಟಿಲು ಎಂದು ತೀರ್ಮಾನವಾಗಿತ್ತು. ಈ ತೀರ್ಮಾನ ಮಾಡಿದವರು ಯಾರು, ಯಾವ ಸಭೆಯಲ್ಲಿ ಎಂಬುದು ನನಗೆ ಇಂದಿಗೂ ತಿಳಿದಿಲ್ಲ.

ಮೊದಲ ಪ್ರಶ್ನೆ ಬಟ್ಟೆಯದು. ಆಗ ಬಟ್ಟೆಗೆ ಕಂಟ್ರೋಲ್ ಇತ್ತು, ಹೊಸದು ಸಿಗುತ್ತಿರಲಿಲ್ಲ. ಸಿಕ್ಕಿದ್ದರೂ ಅಜ್ಜಿ ಬಿಡುತ್ತಿರಲಿಲ್ಲ. ಕೂಸನ್ನು ಹಳೆಯ ಬಟ್ಟೆಯಲ್ಲೇ ಸುತ್ತಬೇಕೆಂಬುದು ಅವಳ ಶಾಸ್ತ್ರ. ಪೆಟ್ಟಿಗೆಯ ತಳದಿಂದ ತನ್ನದೊಂದು ಸೀರೆಯನ್ನು ತೆಗೆದುಕೊಂಡು ಬಂದಳು. ಬೆಣ್ಣೆಯಷ್ಟು ಮೆತ್ತಗಿತ್ತು.

'ಬಟ್ಟೆ ಎಷ್ಟು ಹಳೇದೋ ಅಷ್ಟು ಆಯಸ್ಸು.'

'ಯಾರಿಗಜ್ಜಿ, ಬಟ್ಟೆಗೋ ಕೂಸಿಗೋ?'

'ಬಾಯ್ ಮುಚ್ಚೇ. ನಿಮ್ಮಪ್ಪನ್ನೂ ಇದ್ರಲ್ಲೇ ಸುತ್ತಿದ್ದು.'

ಅಂದರೆ ಸೀರೆಗೆ ಅಪ್ಪನಿಗಿಂತ ಹೆಚ್ಚು ವಯಸ್ಸು. ಅಪ್ಪನಿಗೆ ಆಗಲೇ ಮಂಡಿ ನೋವು ಶುರುವಾಗಿತ್ತು. ಆ ಸೀರೆಯಲ್ಲಿ ನೇರವಾಗಿ ಕೂಸನ್ನು ಹಾಕಲು ನಾನು ಒಪ್ಪಲಿಲ್ಲ. ಮೊದಲು ರಾಗಿಯಲ್ಲಿ ಪರೀಕ್ಷೆಯಾಗಲಿ ಎಂದೆ. ಕೂಸನ್ನು ತಕ್ಕಡಿಯಲ್ಲಿ ಇಡುವುದು ಅನಿಷ್ಟವಾದ್ದರಿಂದ ಅವ್ವನ ಒಂದು ತೋಳಿನಲ್ಲಿ ಕೂಸು, ಇನ್ನೊಂದು ತೋಳಿನಲ್ಲಿ ಚೀಲ ಕೊಟ್ಟು, ಅವ್ವ 'ಸಾಕು, ಸಮ ಆಯ್ತು' ಅನ್ನುವವರೆಗೆ ಚೀಲಕ್ಕೆ ರಾಗಿ ಸುರಿದೆ. ಆ ಚೀಲವನ್ನು ಸೀರೆಯಲ್ಲಿ ಮೈಗೆ ಕಟ್ಟಿಕೊಂಡು ಅಂಗಳದಲ್ಲಿ ನಡೆದೆ, ಕೂತೆ, ಎದ್ದೆ. ಹಿತ್ತಲಿನ ಮೆಟ್ಟಿಲು ಇಳಿಯುವಾಗ ಸೀರೆ ಪರ್ ಎಂದು ಉದ್ದಕ್ಕೆ ಸೀಳಿತು. ಚೀಲ ಬಿದ್ದು ಬಾಯಿ ಬಿಚ್ಚಿತು. ಹಿಂದಿನ ಮನೆಯ ಕೋಳಿಗಳು ಕರೆಯದೆಯೇ ಬಂದವು.

ಅಜ್ಜಿ ಜಗಲಿಯ ಮೇಲಿಂದ ಎಲ್ಲವನ್ನೂ ನೋಡಿದಳು.

'ರಾಗಿ ಆದ್ದಕ್ಕೆ ಹರೀತು. ಕೂಸಾಗಿದ್ರೆ ಹರೀತಿರ್ಲಿಲ್ಲ.'

'ಒಳಗೆ ಇರೋದು ರಾಗಿ ಅಂತ ಬಟ್ಟೆಗೆ ಹೆಂಗಜ್ಜಿ ಗೊತ್ತಾಗ್ತದೆ?'

'ಗೊತ್ತಾಗ್ತದೆ.'

ಅಪ್ಪ ಅಲ್ಲೇ ಹುಣಸೆಹಣ್ಣಿನ ಬೀಜ ಬಿಡಿಸುವವರ ಮುಂದೆ ಕೂತಿದ್ದರು. ಮನೆಯಲ್ಲಿದ್ದ ಬಟ್ಟೆಗಳನ್ನೆಲ್ಲ ನಾನು ಒಂದೊಂದಾಗಿ ತಳ್ಳಿಹಾಕುತ್ತ ಬಂದೆ. ಅವ್ವನ ರೇಷ್ಮೆ ಸೀರೆ ಜಾರುತ್ತದೆ, ಗಂಟು ನಿಲ್ಲದು. ಕಂಬಳಿ ಚುಚ್ಚುತ್ತದೆ, ಈ ಬೇಸಗೆಯಲ್ಲಿ ಕೂಸು ಬೆಂದುಹೋಗುತ್ತದೆ. ಪಂಚೆ ಉದ್ದ ಸಾಲದು. ಅವ್ವನ, ಅಕ್ಕನ ನೂಲಿನ ಸೀರೆಗಳು ಉಟ್ಟು ಒಗೆಯಲು ಇದ್ದದ್ದೇ ಎರಡೆರಡು, ಅವೂ ಸವೆದವು. ಬೇಕಾದದ್ದು ನೂಲಿನದು, ಉದ್ದನೆಯದು, ನೇಯ್ಗೆ ಬಿಗಿಯಾದದ್ದು, ಒಂದಿಷ್ಟು ಬಳಸಿ ಪಳಗಿದ್ದು, ಆದರೆ ಜೀರ್ಣವಾಗಿರಬಾರದು.

ಮಾರನೆಯ ದಿನ ಬಚ್ಚಲ ಕೊಳದಪ್ಪಲೆಯಲ್ಲಿ ಅಪ್ಪನ ರುಮಾಲು ನೆನೆಯುತ್ತಿತ್ತು. ಗಂಜಿ ಬಿಡಲೆಂದು ಅವರೇ ಹಾಕಿದ್ದರು.

ಅದು ಅಪ್ಪ ಮಧುಗಿರಿ ಸಂತೆಗೆ, ಮದುವೆಗೆ, ನ್ಯಾಯ ಹೇಳುವ ಕಡೆಗೆ ಮಾತ್ರ ತಲೆಗೆ ಸುತ್ತುತ್ತಿದ್ದ ರುಮಾಲು. ಹನ್ನೆರಡು ಮೊಳ ಉದ್ದ, ಅಂಚಿಗೆ ಜರಿ. ಇದ್ದದ್ದು ಅದೊಂದೇ. ಬೀಗರ ಎದುರು ಬರಿತಲೆಯಲ್ಲಿ ನಿಲ್ಲುವುದು ನಮ್ಮಲ್ಲಿ ಬೀಗರಿಗೂ ಅವಮಾನ, ನಿಂತವನಿಗೂ ಅವಮಾನ. ಅವ್ವ ಅಡುಗೆಮನೆಯಿಂದ ಹೊರಗೆ ಬಂದಳು.

'ಅಲ್ಲಾ, ಕೂಸು ಅದ್ರ ಮೇಲೆ ಉಚ್ಚೆ ಹುಯ್ದ್ರೆ?'

'ಒಗೆದ್ರೆ ಹೋಗ್ತದೆ' ಎಂದರು ಅಪ್ಪ. 'ನನ್ನ ಬೆವ್ರು ಹೋಗ್ತಿರ್ಲಿಲ್ವಾ?'

ರುಮಾಲು ರಾಗಿಯ ಪರೀಕ್ಷೆಯಲ್ಲಿ ತೇರ್ಗಡೆಯಾಯಿತು. ಕೂಸಿನ ಪರೀಕ್ಷೆ ಅಷ್ಟು ಸುಲಭವಾಗಲಿಲ್ಲ. ಮೊದಲ ಸಲ ತೊಟ್ಟಿಲಲ್ಲಿ ಮಲಗಿಸಿದ ಹಾಗೆ ಬಟ್ಟೆಯೊಳಗೆ ಮಲಗಿಸಿದೆವು. ಅದು ಮುದುಡಿಕೊಂಡು ಗದ್ದವನ್ನು ಎದೆಗೆ ಒತ್ತಿಕೊಂಡಿತು. ಉಸಿರಾಟ ಗೊರಗೊರ ಅನ್ನತೊಡಗಿತು. ಅಕ್ಕನ ಮುಖ ಬಿಳುಚಿತು. ತಕ್ಷಣ ಎತ್ತಿಬಿಟ್ಟೆವು. ಹಿಂದಿನ ಮನೆಯ ದೊಡ್ಡಮ್ಮ ಬೇಲಿಯಾಚೆಯಿಂದಲೇ ಹೇಳಿದಳು.

'ಉಸ್ರು ಕಟ್ತದೆ ಅಂತ ನಾನು ಆಗ್ಲೇ ಅಂದ್ಕಂಡೆ. ಕಾಲೂ ಸೊಟ್ಟಾಗ್ತವೆ, ನೋಡ್ತಿರು.'

ಉಸಿರಿನ ವಿಷಯದಲ್ಲಿ ದೊಡ್ಡಮ್ಮ ಹೇಳಿದ್ದು ನೂರಕ್ಕೆ ನೂರು ನಿಜ ಎಂದು ಅಲ್ಲೇ ಒಪ್ಪಿಕೊಂಡೆ. ತನ್ನ ಮಾತನ್ನು ಯಾರಾದರೂ ಒಪ್ಪುವುದು ಅವಳಿಗೆ ಅನುಭವವಿಲ್ಲದ ಸಂಗತಿ. ಆದರೆ ಕಾಲಿನ ವಿಷಯವನ್ನು ನಾನು ಬಿಡಲಿಲ್ಲ. ನಮ್ಮೂರಲ್ಲಿ ಸೊಟ್ಟಗಾಲಿನವರು ಇದ್ದದ್ದು ಇಬ್ಬರು. ಒಬ್ಬರು ದೊಡ್ಡಮ್ಮನ ಯಜಮಾನರು.

'ದೊಡ್ಡಪ್ಪನ್ನ ಬಟ್ಟೇಲಿ ಕಟ್ಟಿ ಬೆಳೆಸಿದ್ರಾ ದೊಡ್ಡಮ್ಮ?'

'ಅವ್ರು ತೇಗದ ತೊಟ್ಲಲ್ಲಿ ಬೆಳೆದೋರು ಕಣೇ!' ಅಂದವಳು, ಹಾಗಂದದ್ದು ಯಾರ ಪಕ್ಷಕ್ಕೆ ಹೋಯಿತೆಂದು ಹೊಳೆದು, ಒಲೆಯ ಮೇಲೆ ಏನೋ ಇದೆ ಎಂದು ಒಳಗೆ ಹೋದಳು.

ಮಲಗಿಸುವುದನ್ನು ಬಿಟ್ಟು ನೆಟ್ಟಗೆ ಕೂರಿಸಿದೆವು. ಕೂಸಿನ ಎದೆ ಅಕ್ಕನ ಎದೆಗೆ, ಕಾಲುಗಳು ಕಪ್ಪೆಯ ಹಾಗೆ ಎರಡೂ ಕಡೆಗೆ, ಮಂಡಿ ಕುಂಡೆಗಿಂತ ಮೇಲೆ. ಬಟ್ಟೆ ಒಂದು ಮಂಡಿಯ ಹಿಂಭಾಗದಿಂದ ಇನ್ನೊಂದರ ಹಿಂಭಾಗದವರೆಗೆ, ಮೇಲೆ ಕತ್ತಿನ ಬುಡದವರೆಗೆ ಹರಡಬೇಕು. ಹಗ್ಗದ ಹಾಗೆ ಮಡಿಸಿಕೊಂಡರೆ ತೊಡೆಗೆ ಕೊರೆಯುತ್ತದೆ. ಗದ್ದದ ಕೆಳಗೆ ಎರಡು ಬೆರಳು ಆಡಬೇಕು. ಮುಖ ಪಕ್ಕಕ್ಕೆ, ಮೂಗು ಬಯಲಲ್ಲಿ. ಅಕ್ಕ ಕತ್ತು ಬಗ್ಗಿಸಿದರೆ ನೆತ್ತಿಗೆ ಮುತ್ತು ಕೊಡುವಷ್ಟು ಎತ್ತರದಲ್ಲಿರಬೇಕು. ಅದಕ್ಕಿಂತ ಕೆಳಗಿಳಿದರೆ ನಡು ನೋಯುತ್ತದೆ, ಕೂಸೂ ಜೋಲಾಡುತ್ತದೆ. ದೃಷ್ಟಿಯಾಗದಿರಲೆಂದು ಅಜ್ಜಿ ಕೂಸಿನ ಮುಖಕ್ಕೆ ಸೆರಗು ಮುಚ್ಚುತ್ತಿದ್ದಳು, ನಾನು ತೆಗೆಯುತ್ತಿದ್ದೆ. ಕೊನೆಗೆ ದೃಷ್ಟಿಗೆ ಕೆನ್ನೆಯ ಮೇಲೊಂದು ಕಾಡಿಗೆಯ ಬೊಟ್ಟು ಸಾಕು, ಮುಖ ಮುಚ್ಚುವುದು ಬೇಡ ಎಂದು ರಾಜಿಯಾಯಿತು. ಬೊಟ್ಟಿನಿಂದ ಉಸಿರು ಕಟ್ಟುವುದಿಲ್ಲ.

ಒಂದೇ ಕೈಯಲ್ಲಿ ಕಟ್ಟುವುದೇ ಕಷ್ಟವಾಗಿದ್ದು. ರುಮಾಲನ್ನು ಎರಡು ಪದರ ಮಾಡಿ, ದೊಡ್ಡ ಬಳೆಯ ಹಾಗೆ ಮೊದಲೇ ಗಂಟು ಹಾಕಿ, ಉಳಿದ ತುದಿಯನ್ನು ಉದ್ದಕ್ಕೆ ಬಿಟ್ಟೆವು. ಅಕ್ಕ ಚಾಪೆಯ ಮೇಲೆ ಕೂತು ತಲೆಯನ್ನೂ ಎಡತೋಳನ್ನೂ ತೂರಿಸುತ್ತಿದ್ದಳು. ಬಟ್ಟೆ ಬಲಭುಜದ ಮೇಲೆ ಅಗಲವಾಗಿ ಹರಡಿರುತ್ತಿತ್ತು, ಗಂಟು ಬೆನ್ನಿಗೆ. ಹೆಗಲೆಲುಬಿನ ಮೇಲೆ ಗಂಟು ಬಂದ ದಿನ ಸಂಜೆಯವರೆಗೆ ಕುತ್ತಿಗೆ ತಿರುಗಿಸಲಾರದೆ ಹೋಗಿದ್ದಳು. ಎಡತೊಡೆಯ ಮೇಲೆ ಕೂಸನ್ನು ಕೂರಿಸಿಕೊಂಡು ಎಡಗೈಯಿಂದ ಬಟ್ಟೆಯನ್ನು ಅದರ ಬೆನ್ನ ಮೇಲೆ ಎಳೆದು, ಉಳಿದ ತುದಿಯನ್ನು ಇಬ್ಬರ ಸುತ್ತಲೂ ತಂದು, ಹಲ್ಲಿನಲ್ಲಿ ಕಚ್ಚಿ ಬಿಗಿದು, ಸೊಂಟಕ್ಕೆ ಸಿಕ್ಕಿಸುತ್ತಿದ್ದಳು. ಆ ಸುತ್ತಿಲ್ಲದಿದ್ದರೆ ಬಗ್ಗಿದಾಗ ಕೂಸು ಹೊರಕ್ಕೆ ವಾಲುತ್ತದೆ. ಸುತ್ತಿದ್ದರೂ ಸೊಂಟ ಬಗ್ಗಿಸಬಾರದು, ಮಂಡಿ ಮಡಿಸಬೇಕು. ಜರಿ ಹೊರಮೈಗೆ, ಒಳಗೆ ಬಂದರೆ ಕೆನ್ನೆ ಕೆಂಪಾಗುತ್ತದೆ. ಒಲೆಯ ಹತ್ತಿರ ಹೋಗುವಂತಿಲ್ಲ. ಬಿಸಿಲೇರಿದ ಮೇಲೆ ಆಗಾಗ ಹೊರಗೆ ತೆಗೆದು ಬೆವರು ಒರೆಸಿ, ಹಾಲು ಕುಡಿಸಿ, ಕಾಲಾಡಿಸಲು ಬಿಡಬೇಕು.

ಮೊದಲ ದಿನಗಳಲ್ಲಿ ನಾನು ಎರಡೂ ಕೈ ಚಾಚಿಕೊಂಡು ಅಕ್ಕನ ಮುಂದೆ ಹಿಮ್ಮುಖವಾಗಿ ನಡೆಯುತ್ತಿದ್ದೆ. ಊರಿನವರು ನಮ್ಮನ್ನು ನೋಡಿ, ತುಮಕೂರಿನಲ್ಲಿ ಹೆಣ್ಣುಮಕ್ಕಳಿಗೆ ಹೈಸ್ಕೂಲು ಬೇಡವಾಗಿತ್ತು ಎಂಬ ತೀರ್ಮಾನಕ್ಕೆ ಬಂದರು. ಆಮೇಲೆ ಕೈ ಚಾಚುವ ಅಗತ್ಯವಿರಲಿಲ್ಲ. ಕೂಸು ಬಟ್ಟೆಯೊಳಗೆ ಕೂತ ಕೂಡಲೇ ಅಕ್ಕನ ಎದೆಗೆ ಕಿವಿಯಿಟ್ಟು ನಿದ್ದೆಹೋಗುತ್ತಿತ್ತು. ಅಕ್ಕ ಎಡಗೈಯಲ್ಲಿ ಕಡ್ಲೆಕಾಯಿ ಆರಿಸುತ್ತಿದ್ದಳು.

ಐದನೆಯ ತಿಂಗಳಲ್ಲಿ ಅತ್ತೆ ಬಂದರು. ಮಧ್ಯಾಹ್ನ ಬಂದವರು ರಾತ್ರಿ ತಂಗಿ, ಬೆಳಿಗ್ಗೆ ತಂಪು ಹೊತ್ತಿನಲ್ಲಿ ಹೊರಡುವುದೆಂದು ನಿಶ್ಚಯವಾಗಿತ್ತು. ಅಪ್ಪ ವ್ಯಾಪಾರಕ್ಕೆಂದು ಶಿರಾಕ್ಕೆ ಹೋಗಿದ್ದರು. ಅತ್ತೆ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು. ಅಕ್ಕನ ಕೈಯನ್ನು ಹಿಡಿದು ನೋಡಿ, 'ಅಯ್ಯೋ ದೇವುಡಾ, ಎಂಥಾ ಏಟಮ್ಮ' ಎಂದು ಕಣ್ಣೊರೆಸಿಕೊಂಡರು. ಕಣ್ಣೊರೆಸಿಕೊಂಡ ಮೇಲೆ ತಮ್ಮ ಗಂಟಿನಿಂದ ಒಳಲೆಯನ್ನು ತೆಗೆದಿಟ್ಟರು. ದಾರಿಯಲ್ಲಿ ಕೂಸಿಗೆ ಹಸುವಿನ ಹಾಲು ಹಾಕಲು ಬೆಳ್ಳಿಯ ಒಳಲೆ. ಅದನ್ನು ನೋಡಿ ಅಕ್ಕ ಒಳಗೆ ಹೋದಳು.

ಬೆಳಿಗ್ಗೆ ಗಾಡಿ ಕಟ್ಟುವ ಮುಂಚೆ ಅಕ್ಕ ಕೂಸನ್ನು ಕಟ್ಟಿಕೊಂಡು ಜಗಲಿಗೆ ಬಂದಳು. ನನ್ನ ಬಳಿ ಉಸಿರು, ಕಾಲು, ಕುಲುಕಾಟ, ಬಿಸಿಲು ಎಲ್ಲಕ್ಕೂ ಉತ್ತರ ಸಿದ್ಧವಿತ್ತು. ಅತ್ತೆ ಅದ್ಯಾವುದನ್ನೂ ಕೇಳಲಿಲ್ಲ.

'ಏನೇ ಇದು? ನಮ್ಮನೆ ಸೊಸೆ ಬುಟ್ಟಿ ಮಾರೋರಂಗೆ ಕೂಸ್ನ ಕಟ್ಕೊಂಡು ಬರೋದಾ?'

'ಅತ್ತೆ, ನಿಮ್ಮ ಕೊರಳಲ್ಲಿ ಲಿಂಗಾನ ವಸ್ತ್ರದಲ್ಲಿ ಕಟ್ಕೊಂಡಿದೀರಲ್ಲ' ಎಂದೆ. 'ದೇವ್ರನ್ನೇ ಬಟ್ಟೇಲಿ ಕಟ್ಟಿ ಎದೆ ಮೇಲೆ ಇಟ್ಕೊಂಡ್ರೆ ಮಾನ, ಕೂಸನ್ನ ಇಟ್ಕೊಂಡ್ರೆ ಅವಮಾನಾನಾ?'

ಅವ್ವ ಹಣೆ ಚಚ್ಚಿಕೊಂಡಳು. ಅತ್ತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

'ಲಿಂಗ ಒದೀತದೇನೇ ಅಮ್ಮಣ್ಣಿ? ಲಿಂಗ ಜಾರಿ ಬಿದ್ರೆ ಎತ್ಕೋಬೋದು. ಕೂಸು ಬಿದ್ರೆ? ಮಾತು ಸಾಕು. ಎಲ್ಲಿ, ನಂಗೆ ಹಾಕು. ನನ್ನ ಮೈಗೆ ಗೊತ್ತಾಗ್ಲಿ.'

ಇದು ನ್ಯಾಯವಾದ ಬೇಡಿಕೆ. ಅಕ್ಕನಿಂದ ಬಿಚ್ಚಿ ಅತ್ತೆಗೆ ಹಾಕಿದೆ. ಕೂಸು ಒಮ್ಮೆ ಮುಖ ಹಿಂಡಿ, ಹೊಸ ಎದೆಗೆ ಮೂಗು ತಿಕ್ಕಿ, ಮಲಗಿಬಿಟ್ಟಿತು. ಅತ್ತೆ ಅಂಗಳದ ಈ ತುದಿಯಿಂದ ಆ ತುದಿಗೆ ನಡೆದರು. ಕೂತು ನೋಡಿದರು. ಎರಡು ಕೈಗಳನ್ನೂ ಮೇಲೆತ್ತಿ ನೋಡಿದರು. ಅವರ ಮುಖ ಸಡಿಲವಾಗುತ್ತ ಬಂತು. ನಾನು ಗೆದ್ದೆ ಅಂದುಕೊಂಡೆ.

'ಭಾರವೇ ಇಲ್ವಲ್ಲೇ!' ಎಂದರು ಅತ್ತೆ. 'ಕೂಸ್ನ ಎತ್ಕೊಂಡು ಅಷ್ಟು ದೂರ ಹೆಂಗಪ್ಪಾ ಕೂರೋದು, ತೋಳು ಬಿದ್ದೋಗ್ತವೆ ಅಂತ ರಾತ್ರಿಯೆಲ್ಲಾ ಯೋಚ್ನೆ ಮಾಡ್ತಿದ್ದೆ. ಇನ್ನೇನು, ಇಂಗೇ ಕಟ್ಕೊಂಡು ಆರಾಮಾಗಿ ಹೋಗ್ಬುಡ್ತೀನಿ. ನೀನು ಇಲ್ಲೇ ಇದ್ದು ಕೈ ನೋಡ್ಕೋ ತಾಯಿ.'

ಚರ್ಚೆಯಲ್ಲಿ ಇಂಥದ್ದು ಅಪರೂಪಕ್ಕೊಮ್ಮೆ ಆಗುತ್ತದೆ. ನಾವು ಮಂಡಿಸಿದ ಸಾಕ್ಷಿಯನ್ನೇ ಎದುರಾಳಿ ಎತ್ತಿಕೊಂಡು ಮನೆಗೆ ಹೋಗುತ್ತಾರೆ. ಬಟ್ಟೆಯಲ್ಲಿ ಕಟ್ಟಿದರೆ ಯಾರು ಬೇಕಾದರೂ ಕೂಸನ್ನು ಹೊರಬಹುದೆಂದು ನಾನು ಸಾಧಿಸಿ ತೋರಿಸಿದ್ದೆ. ಯಾರು ಬೇಕಾದರೂ ಎಂಬುದರಲ್ಲಿ ಅತ್ತೆಯೂ ಸೇರಿದ್ದರು. ಅಕ್ಕ ಕಂಬಕ್ಕೆ ಒರಗಿ ನಿಂತಿದ್ದಳು. ಎದೆಯ ಮೇಲೆ ಕುಪ್ಪಸ ಹಾಲಿನಿಂದ ಒದ್ದೆಯಾಗಿತ್ತು.

ಅಷ್ಟರಲ್ಲಿ ಅಪ್ಪ ಶಿರಾದಿಂದ ಬಂದರು. ಬಾಗಿಲ ಹೊರಗೆ ಗಾಡಿ ನಿಲ್ಲಿಸಿ, ತಲೆಗೆ ಸುತ್ತಿದ್ದ ಟವೆಲನ್ನು ಬಿಚ್ಚಿ ಮುಖ ಒರೆಸಿಕೊಳ್ಳುತ್ತ ಒಳಗೆ ಬಂದು, ಬೀಗಿತ್ತಿಯನ್ನು ಕಂಡು ಹಾಗೇ ನಿಂತುಬಿಟ್ಟರು. ಅತ್ತೆ ಸೆರಗು ಎಳೆದುಕೊಂಡು ಪಕ್ಕಕ್ಕೆ ತಿರುಗಿದರು. ತಿರುಗಿದವರು ಅವ್ವನ ಕಿವಿಯಲ್ಲಿ, ಎಲ್ಲರಿಗೂ ಕೇಳಿಸುವ ಹಾಗೆ ಕೇಳಿದರು:

'ಬೀಗ್ರು ಯಾಕಮ್ಮಾ ಬರಿತಲೇಲವ್ರೆ?'

ಅವ್ವ ನೆಲ ನೋಡಿದಳು. ಅಕ್ಕ ಕಂಬ ಬಿಟ್ಟು ಮುಂದೆ ಬಂದಳು.

'ಅಪ್ಪನ ರುಮಾಲು ನಿಮ್ಮ ಮೈಮೇಲೈತೆ, ಅತ್ತೆ.'

ಇದರ ಅರ್ಥ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೀಗನ ಎದುರಿಗೆ ಸೆರಗು ಸರಿಸದ ಹೆಂಗಸು, ಅದೇ ಬೀಗನ ತಲೆಯ ರುಮಾಲನ್ನು ಭುಜ, ಬೆನ್ನು, ಸೊಂಟಕ್ಕೆಲ್ಲ ಸುತ್ತಿಕೊಂಡು ಅವರ ಅಂಗಳದ ನಡುವೆ ನಿಂತಿದ್ದಳು. ಅತ್ತೆ ತಮ್ಮ ಮೈ ನೋಡಿಕೊಂಡರು. ಜರಿಯಂಚು ಕಣ್ಣಿಗೆ ಬಿತ್ತು.

'ಶಿವ ಶಿವಾ! ಮೊದ್ಲೇ ಹೇಳ್ಬಾರ್ದಾ? ಬಿಚ್ಚೇ, ಬಿಚ್ಚೇ ಇದನ್ನ!'

ಅಪ್ಪ ಬಂದ ದಾರಿಯಲ್ಲೇ ಎತ್ತು ನೋಡಲು ಹೊರಟುಹೋದರು. ಬಿಚ್ಚಲು ನಾನು ಕೈಹಾಕಿದ ಕೂಡಲೇ ಕೂಸು ಎದ್ದು ಕಿರುಚತೊಡಗಿತು. ಅತ್ತೆ ಬೇ‌ರೆ ಬಟ್ಟೆ ಕೊಡು ಎಂದರು. ಅಜ್ಜಿ ತನ್ನ ಸೀರೆಯ ಉಳಿದರ್ಧವನ್ನು ತಂದುಕೊಟ್ಟಳು. ಅತ್ತೆ ಅದನ್ನು ಎರಡು ಬೆರಳಲ್ಲಿ ಎಳೆದು ನೋಡಿದರು. ಬೆರಳುಗಳು ಆಚೆ ಬಂದವು.

ಅಕ್ಕ ಯಾರನ್ನೂ ಕೇಳಲಿಲ್ಲ. ಚಾಪೆಯ ಮೇಲೆ ಕೂತು, ಅತ್ತೆಯ ಮೈಯಿಂದ ಬಿಚ್ಚಿದ ರುಮಾಲಿನೊಳಗೆ ತಲೆ ತೂರಿಸಿದಳು. ಎಡತೊಡೆಯ ಮೇಲೆ ಕೂಸು ಒದೆಯುತ್ತಿತ್ತು. ಬಟ್ಟೆ ಎಳೆದಳು, ಹರಡಿದಳು, ತುದಿ ಕಚ್ಚಿ ಬಿಗಿದಳು, ಗದ್ದದ ಕೆಳಗೆ ಎರಡು ಬೆರಳು ಆಡಿಸಿ ನೋಡಿದಳು. ನಾನು ಸಹಾಯಕ್ಕೆ ಹೋಗಲು ಹೊರಟಾಗ ತಲೆಯಾಡಿಸಿಯೇ ಬೇಡವೆಂದಳು. ಕಂಬವನ್ನೂ ಹಿಡಿಯದೆ ಎದ್ದು ನಿಂತಾಗ ಕೂಸಿನ ಅಳು ಬಿಕ್ಕಳಿಕೆಯಾಗಿತ್ತು. ಒಂದು ಸುತ್ತು ನಡೆಯುವಷ್ಟರಲ್ಲಿ ಬಿಕ್ಕಳಿಕೆಯೂ ನಿಂತಿತು. ಬಿದಿರಿನ ದಬ್ಬೆ ಕಟ್ಟಿದ ಕೈ ಒಮ್ಮೆಯೂ ಬಟ್ಟೆಯನ್ನು ಮುಟ್ಟಿರಲಿಲ್ಲ.

ಅತ್ತೆ ಹತ್ತಿರ ಬಂದರು. ರುಮಾಲಿಗೆ ಕೈ ತಾಗದ ಹಾಗೆ ಸುತ್ತಲೂ ನೋಡಿದರು. ಬಾಗಿ ಕೂಸಿನ ಮೂಗಿನ ಕೆಳಗೆ ಬೆರಳಿಟ್ಟರು. ಅಕ್ಕನ ಒದ್ದೆಯಾದ ಕುಪ್ಪಸವನ್ನೂ ನೋಡಿದರು. ನಾನು ಬಾಯಿ ತೆರೆದೆ.

'ನೀನು ಸುಮ್ಕಿರು' ಎಂದರು ನನಗೆ. ಆಮೇಲೆ ಅಕ್ಕನಿಗೆ, 'ಗಾಡೀಲಿ ಹಿಂದ್ಗಡೆ ಕೂರ್ಬೇಡ, ಕುಲುಕ್ತದೆ. ನನ್ನ ಪಕ್ಕ ಕೂತ್ಕೋ. ಹಳ್ಳ ಬಂದಾಗ ಇಳಿದು ನಡೀಬೇಕು. ಊರು ಹತ್ರ ಬಂದಾಗ ಮೇಲೆ ಸೆರಗು ಹೊದ್ಕೋ, ರುಮಾಲು ಕಾಣ್ಬಾರ್ದು. ಮುಖ ಮಾತ್ರ ಮುಚ್ಬೇಡ.'

ಅವ್ವ ಅಕ್ಕನ ಬಟ್ಟೆಗಂಟು ಕಟ್ಟಲು ಒಳಗೆ ಓಡಿದಳು. ಗಾಡಿಯ ಹತ್ತಿರ ನಾನು ಅಕ್ಕನಿಗೆ ಕೊನೆಯ ಸೂಚನೆಗಳನ್ನು ಕೊಟ್ಟೆ: ಗಾಡಿಯಲ್ಲಿ ನೆಟ್ಟಗೆ ಕೂರು, ಮೈ ತಿರುಗಿಸಬೇಡ, ತಿರುಗಿಸಿದರೆ ಬಟ್ಟೆ ಸಡಿಲವಾಗುತ್ತದೆ. ಅವಳು ಹೂಂ ಎಂದಳು. ಗಾಡಿ ಕೆರೆಯ ಏರಿಯ ಮೇಲೆ ಮರೆಯಾಗುವವರೆಗೆ ನಾವೆಲ್ಲ ನಿಂತಿದ್ದೆವು. ಅವ್ವ ಅಳುತ್ತಿದ್ದಳು. ಅಪ್ಪ ಟವೆಲನ್ನು ತಲೆಗೆ ಸುತ್ತಿಕೊಂಡು ದೂರದಲ್ಲಿದ್ದರು. ಅಕ್ಕ ಒಮ್ಮೆಯೂ ತಿರುಗಿ ನೋಡಲಿಲ್ಲ.